ಬಗ್ಗಿದ ಮೇಲೆ ಯೋಚನೆ ಬೇಡ: ಸ್ನೂಕರ್‌ನಲ್ಲಿ ಹೊಡೆತಕ್ಕೆ ಮುಂಚಿನ ಕೆಲವು ಸೆಕೆಂಡು

ಕಳೆದ ವರ್ಷದ ಮಳೆಗಾಲದ ಒಂದು ರಾತ್ರಿ. ಟೇಬಲ್ ಮೇಲೆ ಉಳಿದಿದ್ದು ಎರಡೇ ಚೆಂಡು, ಬಿಳಿ ಮತ್ತು ಕಪ್ಪು. ಗೆಳೆಯ ಐದು ಪಾಯಿಂಟ್ ಮುಂದಿದ್ದ. ಕಪ್ಪು ಹಾಕಿದರೆ ನನಗೆ ಏಳು, ಫ್ರೇಮ್ ನನ್ನದು. ಕಪ್ಪು ತನ್ನ ಸ್ಪಾಟ್ ಮೇಲೇ ಕೂತಿತ್ತು, ಬಿಳಿ ಅಲ್ಲಿಂದ ಎರಡೂವರೆ ಅಡಿ ದೂರದಲ್ಲಿ. ಒಬ್ಬನೇ ಅಭ್ಯಾಸ ಮಾಡುವಾಗ ಹೆಚ್ಚು ಕಮ್ಮಿ ಕಣ್ಣು ಮುಚ್ಚಿ ಹಾಕುವ ಹೊಡೆತ ಅದು. ನಮ್ಮಲ್ಲಿ ಸೋತವರು ಟೇಬಲ್ ದುಡ್ಡು ಕೊಡಬೇಕು ಅನ್ನೋದು ಹಳೇ ನಿಯಮ. ಅವತ್ತು ಮೂರು ಗಂಟೆ ಆಡಿದ್ದೆವು.

ಬಗ್ಗಿದೆ. ಬಗ್ಗಿದ ತಕ್ಷಣ, ತೀರಾ ತೆಳುವಾಗಿ ತಾಗುತ್ತೇನೋ ಅನ್ನಿಸಿತು. ಬಗ್ಗಿದಲ್ಲೇ ಕ್ಯೂನ ಹಿಂಭಾಗವನ್ನು ಒಂಚೂರು ಪಕ್ಕಕ್ಕೆ ಸರಿಸಿದೆ. ಈಗ ತೀರಾ ದಪ್ಪ ಆಯಿತೇನೋ ಅನ್ನಿಸಿತು. ಕ್ಯೂ ಹಿಂದೆ ಮುಂದೆ ಆಡಿಸಿದೆ, ಆರು ಸಲವೋ ಒಂಬತ್ತು ಸಲವೋ ಗೊತ್ತಿಲ್ಲ. ಕೊನೆಗೆ, ಆದದ್ದಾಗಲಿ ಅಂತ ಹೊಡೆದೆ. ಕಪ್ಪು ಪಾಕೆಟ್‌ನ ಒಂದು ದವಡೆಗೆ ಬಡಿದು, ಇನ್ನೊಂದಕ್ಕೆ ಬಡಿದು, ಹೊರಗೆ ಬಂದು ನಿಂತಿತು. ಗೆಳೆಯ ಎದ್ದು ಬಂದು ಹಾಕಿದ. ನಾನು ಪರ್ಸ್ ತೆಗೆದೆ.

ನಮ್ಮ ಪಾರ್ಲರ್‌ನಲ್ಲಿ ಒಬ್ಬರು ಹಿರಿಯ ಮಾರ್ಕರ್ ಇದ್ದಾರೆ. ಮಾರ್ಕರ್ ಅಂದರೆ ಸ್ಕೋರ್ ಬರೆಯುವವರು, ಬಣ್ಣದ ಚೆಂಡುಗಳನ್ನು ಮತ್ತೆ ಸ್ಪಾಟ್ ಮೇಲೆ ಇಡುವವರು, ಬೆಳಗ್ಗೆ ಬಂದು ಟೇಬಲ್ ಬಟ್ಟೆಗೆ ಬ್ರಶ್ ಹಾಕಿ ಇಸ್ತ್ರಿ ಮಾಡುವವರು. ಎಲ್ಲರ ಆಟ ನೋಡಿರುತ್ತಾರೆ, ಕೇಳದೆ ಯಾರಿಗೂ ಏನೂ ಹೇಳಲ್ಲ. ಅವತ್ತು ಚೆಂಡುಗಳನ್ನು ಜೋಡಿಸುತ್ತಾ, ನನ್ನ ಕಡೆ ನೋಡದೇ ಹೇಳಿದರು: "ಸಾರ್, ನೀವು ನಿಂತಿರುವಾಗ ಮಾತಾಡ್ತೀರ, ಬಗ್ಗಿದ ಮೇಲೆ ಯೋಚನೆ ಮಾಡ್ತೀರ. ಉಲ್ಟಾ ಮಾಡಿ."

ಹತ್ತು ವರ್ಷದಿಂದ ಈ ಆಟ ಆಡ್ತಿದ್ದೇನೆ. ಕ್ಯೂ ಬದಲಾಯಿಸಿದ್ದೇನೆ, ಟಿಪ್ ಬದಲಾಯಿಸಿದ್ದೇನೆ, ನಿಲ್ಲುವ ಭಂಗಿ ಬದಲಾಯಿಸಲು ಹೋಗಿ ಒಂದು ತಿಂಗಳು ಸೊಂಟ ಹಿಡಿಸಿಕೊಂಡಿದ್ದೇನೆ. ಇವು ಯಾವುವೂ ಮಾಡದ ಉಪಕಾರವನ್ನು ಆ ಒಂದು ಮಾತು ಮಾಡಿದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡ್ತೀನಿ. ಕೋಚ್‌ಗಳು ಇದನ್ನು ಪ್ರಿ-ಶಾಟ್ ರುಟೀನ್ ಅಂತಾರೆ. ಹೊಡೆತಕ್ಕೆ ಮುಂಚೆ ಪ್ರತಿ ಸಲವೂ ಅದೇ ಕ್ರಮದಲ್ಲಿ, ಅದೇ ಲಯದಲ್ಲಿ ಮಾಡುವ ಪುಟ್ಟ ಪುಟ್ಟ ಕೆಲಸಗಳ ಸಾಲು.

ಹತ್ತನೇ ಒಂದು ಡಿಗ್ರಿ

ಮೊದಲು, ಈ ಆಟಕ್ಕೆ ಇಷ್ಟೊಂದು ಶಿಸ್ತು ಯಾಕೆ ಬೇಕು ಅನ್ನೋದನ್ನು ನೋಡೋಣ. ಇಂಜಿನಿಯರಿಂಗ್ ಓದಿದ ಕಾಯಿಲೆ ಇನ್ನೂ ಪೂರ್ತಿ ವಾಸಿಯಾಗಿಲ್ಲ, ಹಾಗಾಗಿ ಸ್ವಲ್ಪ ಲೆಕ್ಕ.

ಸ್ನೂಕರ್ ಟೇಬಲ್ ಸುಮಾರು 12 ಅಡಿ ಉದ್ದ, 6 ಅಡಿ ಅಗಲ. ಚೆಂಡಿನ ವ್ಯಾಸ 52.5 ಮಿ.ಮೀ. ಮೂಲೆಯ ಪಾಕೆಟ್‌ನ ಬಾಯಿ ಸುಮಾರು ಮೂರೂವರೆ ಇಂಚು. ಅಂದರೆ ಚೆಂಡು ಸರಿಯಾಗಿ ನಡುವಿನಲ್ಲಿ ಹೋದರೆ ಎರಡೂ ಕಡೆ ಉಳಿಯುವ ಜಾಗ ಹೆಚ್ಚೆಂದರೆ 18 ಮಿ.ಮೀ.

ಈಗ ಬಿಳಿಗೂ ಒಂದು ಕೆಂಪಿಗೂ ನಡುವೆ ಒಂದು ಮೀಟರ್ ದೂರ ಇದೆ, ಕೆಂಪಿನಿಂದ ಪಾಕೆಟ್‌ಗೆ ಇನ್ನೊಂದು ಮೀಟರ್, ಎಲ್ಲವೂ ಒಂದೇ ಗೆರೆಯಲ್ಲಿವೆ ಅಂದುಕೊಳ್ಳಿ. ನೋಡೋಕೆ ನೇರ, ಸುಲಭ. ಬಿಳಿ ಹೊರಡುವ ದಿಕ್ಕಿನಲ್ಲಿ ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಾಯಿತು. ಒಂದು ಮೀಟರ್ ದಾಟುವ ಹೊತ್ತಿಗೆ ಬಿಳಿ ಪಕ್ಕಕ್ಕೆ ಸರಿದಿರುವುದು ಬರೀ 1.75 ಮಿ.ಮೀ. ಇದನ್ನು ಕಣ್ಣಿನಿಂದ ಹಿಡಿಯೋಕೂ ಆಗಲ್ಲ. ಆದರೆ ದುಂಡನೆಯ ವಸ್ತುವೊಂದು ಇನ್ನೊಂದು ದುಂಡನೆಯ ವಸ್ತುವಿಗೆ ತಾಗುವಾಗ ಈ ತಪ್ಪು ಹಾಗೇ ದಾಟಿ ಹೋಗಲ್ಲ, ದೊಡ್ಡದಾಗಿ ಹೋಗುತ್ತೆ. ಎಷ್ಟು ಪಟ್ಟು ಅನ್ನೋದು ಎರಡು ಚೆಂಡುಗಳ ನಡುವಿನ ದೂರವನ್ನು ಚೆಂಡಿನ ವ್ಯಾಸದಿಂದ ಭಾಗಿಸಿದರೆ ಅಂದಾಜಾಗಿ ಸಿಗುತ್ತೆ. ಇಲ್ಲಿ ಸುಮಾರು 18 ಪಟ್ಟು. ಹತ್ತನೇ ಒಂದು ಡಿಗ್ರಿಯ ತಪ್ಪು ಕೆಂಪಿಗೆ ಹೋಗುವಾಗ 1.8 ಡಿಗ್ರಿ ಆಗಿರುತ್ತೆ. ಪಾಕೆಟ್ ಮುಟ್ಟುವಷ್ಟರಲ್ಲಿ ಕೆಂಪು ತನ್ನ ದಾರಿಯಿಂದ ಮೂರು ಸೆಂಟಿಮೀಟರ್ ಆಚೆ ಹೋಗಿರುತ್ತೆ. ಇದ್ದ ಜಾಗ 18 ಮಿ.ಮೀ. ದವಡೆಗೆ ಬಡಿಯಿತು, ಮುಗೀತು.

ಅಂದರೆ ಹತ್ತನೇ ಒಂದು ಡಿಗ್ರಿ ತಪ್ಪಿದರೆ ಟೇಬಲ್ ಕ್ಷಮಿಸಲ್ಲ, ಅದರ ಅರ್ಧದಷ್ಟು ತಪ್ಪಿದರೆ ಕ್ಷಮಿಸಬಹುದು. ಇಷ್ಟು ಸೂಕ್ಷ್ಮವಾದ ಕೆಲಸವನ್ನು 'ಈ ಸಲ ಗಮನ ಕೊಟ್ಟು ಹೊಡೀತೀನಿ' ಅನ್ನುವ ಸಂಕಲ್ಪದಿಂದ ಮಾಡೋಕೆ ಆಗಲ್ಲ. ದೇಹ ಪ್ರತಿ ಸಲ ಅದೇ ಜಾಗದಲ್ಲಿ, ಅದೇ ರೀತಿ ಬಂದು ಕೂರಬೇಕು. ಗಮನ ಎಷ್ಟೇ ಇದ್ದರೂ ಇವತ್ತು ಒಂದು ಥರ ನಾಳೆ ಒಂದು ಥರ ಬಗ್ಗುವವನಿಗೆ, ತಾನು ತಪ್ಪಿದ್ದು ಯಾಕೆ ಅಂತ ಕಂಡುಕೊಳ್ಳೋಕೂ ದಾರಿ ಇರಲ್ಲ.

ನಿಂತು ಮಾಡುವ ಕೆಲಸ, ಬಗ್ಗಿ ಮಾಡುವ ಕೆಲಸ

ನಮ್ಮಲ್ಲಿ ಬಹುತೇಕರು ಸ್ನೂಕರ್‌ಗೆ ಬರುವುದು ಕೇರಂನಿಂದ. ಅದೊಂದು ಒಳ್ಳೆ ಪಾಠಶಾಲೆಯೇ. ಕೋನ ಅಂದರೇನು, ತೆಳುವಾಗಿ ತಾಗಿಸೋದು ಅಂದರೇನು ಅನ್ನೋದು ಬೆರಳಿಗೆ ಗೊತ್ತಾಗಿರುತ್ತೆ. ಆದರೆ ಒಂದು ಕೆಟ್ಟ ಅಭ್ಯಾಸವೂ ಜೊತೆಗೆ ಬರುತ್ತೆ. ಕೇರಂನಲ್ಲಿ ಕೂತ ಜಾಗದಿಂದ ಏಳುವ ಹಾಗಿಲ್ಲ. ಸ್ಟ್ರೈಕರ್ ಇಟ್ಟು, ಅಲ್ಲೇ ಕೂತು, ಅದನ್ನು ಆ ಕಡೆ ಈ ಕಡೆ ಸರಿಸುತ್ತಾ, ಬೆರಳು ಮಡಚಿಕೊಂಡೇ ಗುರಿ ಹುಡುಕುತ್ತೇವೆ. ಯೋಚನೆ ಮತ್ತು ಹೊಡೆತ ಎರಡೂ ಒಂದೇ ಭಂಗಿಯಲ್ಲಿ. ಅದೇ ರೂಢಿಯನ್ನು ಹನ್ನೆರಡು ಅಡಿ ಟೇಬಲ್‌ಗೆ ತಂದರೆ ಕೆಲಸ ಕೆಡುತ್ತೆ. ಎರಡು ಕಾರಣ.

ಒಂದು, ಕಣ್ಣು. ನಿಂತಾಗ ಬಿಳಿ, ಕೆಂಪು, ಪಾಕೆಟ್ ಮೂರೂ ಮೇಲಿನಿಂದ ಕಾಣುತ್ತವೆ, ಕೋನ ತೆರೆದ ಪುಸ್ತಕದ ಹಾಗಿರುತ್ತೆ. ಗಲ್ಲ ಕ್ಯೂಗೆ ತಾಗುವಷ್ಟು ಬಗ್ಗಿದರೆ ಅದೇ ಕೋನ ಚಪ್ಪಟೆಯಾಗುತ್ತೆ. ಮುಂದಿನ ಚೆಂಡು ಹಿಂದಿನದ್ದಕ್ಕೆ ಅಡ್ಡ ಬರುತ್ತೆ, ಪಾಕೆಟ್ ಎಷ್ಟೋ ಸಲ ಕಣ್ಣಿನ ಅಂಚಿಗೆ ಹೋಗಿಬಿಟ್ಟಿರುತ್ತೆ. ಬಗ್ಗಿದ ಮೇಲೆ ಎಲ್ಲವೂ ಸ್ವಲ್ಪ ಅನುಮಾನಾಸ್ಪದವಾಗಿ ಕಾಣೋದು ಸಹಜ.

ಎರಡನೆಯದು ಇನ್ನೂ ಮುಖ್ಯ. ಬಗ್ಗಿದಲ್ಲೇ ಗುರಿ ಬದಲಾಯಿಸಿದರೆ ಬದಲಾಗೋದು ಕೈ ಮತ್ತು ಕ್ಯೂ ಮಾತ್ರ. ಪಾದ, ಸೊಂಟ, ಭುಜ, ತಲೆ ಎಲ್ಲ ಹಳೇ ಗೆರೆಯ ಮೇಲೇ ಇರುತ್ತವೆ. ಕ್ಯೂ ಈಗ ದೇಹಕ್ಕೆ ಅಡ್ಡಡ್ಡ ಓಡಬೇಕು. ತೋಳು ನೇರವಾಗಿ ತೂಗಲ್ಲ. ಹೊಡೆಯುವ ಕ್ಷಣದಲ್ಲಿ ಸ್ನಾಯುಗಳು ತಮಗೆ ಗೊತ್ತಿರುವ ದಾರಿಗೆ, ಅಂದರೆ ಹಳೇ ಗೆರೆಗೆ, ಎಳೆಯುತ್ತವೆ. ಮೆದುಳು ಹೇಳಿದ್ದು ಒಂದು, ಪಾದ ನಿಂತಿದ್ದು ಇನ್ನೊಂದು. ಚೆಂಡು ಹೋಗೋದು ಎರಡರ ಮಧ್ಯೆ ಎಲ್ಲೋ. ನನ್ನ ಆ ಕಪ್ಪು ಹೋಗಿದ್ದು ಹಾಗೆ.

ಹಾಗಾಗಿ ಮೊದಲ ನಿಯಮ: ಹೊಡೆತದ ಗೆರೆಯ ಹಿಂದೆ ಹೋಗಿ ನಿಲ್ಲಿ. ಪಕ್ಕದಿಂದ ಬಂದು ಬಗ್ಗಬೇಡಿ, ಟೇಬಲ್ ಸುತ್ತು ಹಾಕಬೇಕಾದರೆ ಹಾಕಿ. ಬಿಳಿಯ ಹಿಂದೆ ಎರಡು ಮೂರು ಅಡಿ ದೂರದಲ್ಲಿ ನಿಂತು ಪಾಕೆಟ್ ನೋಡಿ. ಅಲ್ಲಿಂದ ಗೆರೆಯನ್ನು ಹಿಂದಕ್ಕೆ ಎಳೆದು ತಂದರೆ ಕೆಂಪಿನ ಯಾವ ಬಿಂದುವಿಗೆ ಬಿಳಿ ತಾಗಬೇಕು ಅಂತ ಗೊತ್ತಾಗುತ್ತೆ. ಎಷ್ಟು ಜೋರಾಗಿ ಹೊಡೆಯಬೇಕು, ಬಿಳಿಯ ಎಲ್ಲಿಗೆ ಟಿಪ್ ತಾಗಬೇಕು, ತಾಗಿದ ಮೇಲೆ ಬಿಳಿ ಎಲ್ಲಿಗೆ ಹೋಗಬೇಕು ಅನ್ನೋದೂ ನಿಂತಾಗಲೇ ತೀರ್ಮಾನ ಆಗಬೇಕು. ಚಾಕ್ ಹಚ್ಚುವುದು ಇದಕ್ಕೆ ಒಳ್ಳೇ ಸಮಯ. ನಾನು ಈಗ ಚಾಕ್ ಕೈಯಲ್ಲಿ ಇರುವವರೆಗೆ ಯೋಚನೆ, ಚಾಕ್ ಕೆಳಗಿಟ್ಟರೆ ಯೋಚನೆ ಮುಗೀತು ಅಂತ ಇಟ್ಟುಕೊಂಡಿದ್ದೇನೆ. ಕೋರ್ಟ್‌ನಲ್ಲಿ ತೀರ್ಪು ಕೊಟ್ಟ ಮೇಲೆ ವಾದ ಇಲ್ಲವಲ್ಲ, ಹಾಗೆ. ಅಪೀಲಿಗೆ ಒಂದೇ ದಾರಿ, ಅದನ್ನು ಮುಂದೆ ಹೇಳ್ತೀನಿ.

ನಂತರ ಪಾದ. ಬಲಗೈ ಆಟಗಾರರಾದರೆ ಬಲಗಾಲನ್ನು ಮೊದಲು ಹೊಡೆತದ ಗೆರೆಯ ಮೇಲೆ ಇಡಿ, ಆಮೇಲೆ ಎಡಗಾಲು ಮುಂದೆ, ಸ್ವಲ್ಪ ಪಕ್ಕಕ್ಕೆ. ಪಾದ ಗೆರೆಯ ಮೇಲಿದ್ದರೆ ಉಳಿದ ದೇಹ ಅದರ ಹಿಂದೆ ಬರುತ್ತೆ. ಬಗ್ಗುವಾಗ ಕಣ್ಣು ನೆಲವನ್ನೋ ಕೈಯನ್ನೋ ನೋಡದೆ ಕೆಂಪಿನ ಆ ಬಿಂದುವಿನ ಮೇಲೇ ಇರಲಿ. ತಲೆ ಲಿಫ್ಟ್ ಇಳಿದ ಹಾಗೆ ಅದೇ ಗೆರೆಯಲ್ಲಿ ಇಳಿಯಬೇಕು, ಇಳಿದ ಮೇಲೆ ಪಕ್ಕಕ್ಕೆ ಜರುಗಿಸಿ ಸರಿ ಮಾಡಿಕೊಳ್ಳುವಂತಿರಬಾರದು. ಗಲ್ಲದ ಕೆಳಗೆ ಕ್ಯೂ ಎಲ್ಲಿ ಬರಬೇಕು ಅನ್ನೋದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. 1927ರಿಂದ 1946ರವರೆಗೆ 15 ಸಲ ವಿಶ್ವ ಚಾಂಪಿಯನ್ ಆದ ಜೋ ಡೇವಿಸ್‌ಗೆ ಬಲಗಣ್ಣು ದುರ್ಬಲ, ಅವರ ಕ್ಯೂ ಎಡಗಣ್ಣಿನ ಕೆಳಗೇ ಓಡುತ್ತಿತ್ತು. ನಿಮ್ಮ ಪ್ರಬಲ ಕಣ್ಣು ಯಾವುದು ಅಂತ ತಿಳಿದುಕೊಂಡು, ಪ್ರತಿ ಸಲ ಅದೇ ಜಾಗಕ್ಕೆ ಬಂದರೆ ಸಾಕು.

ಆಮೇಲೆ ಕ್ಯೂ ಹಿಂದೆ ಮುಂದೆ ಆಡಿಸುವುದು, ಫೆದರಿಂಗ್. ಗುರಿ ಹುಡುಕೋದು ಇದರ ಕೆಲಸ ಅಲ್ಲ. ಟಿಪ್ ಬಿಳಿಯ ಮೇಲೆ ನಾನು ಅಂದುಕೊಂಡ ಜಾಗಕ್ಕೇ ಬರ್ತಿದೆಯಾ, ತೋಳು ಬಿಡುವಾಗಿ ತೂಗ್ತಿದೆಯಾ ಅಂತ ಪರೀಕ್ಷಿಸೋದು, ಅಷ್ಟೇ. ಎರಡೋ ಮೂರೋ ನಾಲ್ಕೋ, ಲೆಕ್ಕ ನಿಮ್ಮಿಷ್ಟ. ಆದರೆ ಒಮ್ಮೆ ನಿಗದಿಯಾದ ಮೇಲೆ ಅದೇ ಲೆಕ್ಕ. ನನ್ನದು ಮೂರು. ಮೂರನೆಯದು ಮುಗಿದಾಗ ಟಿಪ್ ಬಿಳಿಯ ಹತ್ತಿರ ಬಂದು ಒಂದು ಕ್ಷಣ ನಿಲ್ಲಬೇಕು. ಆ ನಿಲುಗಡೆಯಲ್ಲಿ ಬಿಳಿಯನ್ನು ಕೊನೇ ಸಲ ನೋಡಿ, ಕಣ್ಣು ಕೆಂಪಿಗೆ ಏರುತ್ತೆ. ಅಲ್ಲಿಂದ ಮುಂದೆ ಕಣ್ಣು ಇಳಿಯಲ್ಲ. ಕ್ಯೂ ನಿಧಾನವಾಗಿ ಹಿಂದಕ್ಕೆ, ಅಲ್ಲೊಂದು ಉಸಿರಿನಷ್ಟು ಬಿಡುವು, ನಂತರ ನೇರವಾಗಿ ಮುಂದಕ್ಕೆ. ಚೆಂಡು ಪಾಕೆಟ್‌ಗೆ ಬೀಳುವವರೆಗೆ ತಲೆ ಎತ್ತುವ ಹಾಗಿಲ್ಲ. ತಲೆ ಎತ್ತಿದರೆ ಚೆಂಡು ಬೇಗ ಏನೂ ಬೀಳಲ್ಲ.

ಕಣ್ಣಿನ ವಿಷಯಕ್ಕೆ ಒಂದು ಮಾತು ಸೇರಿಸಬೇಕು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ 1990ರ ದಶಕದಲ್ಲಿ ಗಾಲ್ಫ್ ಆಟಗಾರರ ಕಣ್ಣಿನ ಚಲನೆಯನ್ನು ಅಳೆದು ನೋಡಿದರು. ಪಳಗಿದವರ ಕಣ್ಣು ಹೊಡೆತಕ್ಕೆ ಮುಂಚೆ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ನೆಟ್ಟಿರುತ್ತೆ, ಉಳಿದವರ ಕಣ್ಣು ಅಲೆದಾಡುತ್ತಿರುತ್ತೆ ಅನ್ನೋದು ಅವರು ಕಂಡದ್ದು. ಅದಕ್ಕೆ 'ಕ್ವಾಯಟ್ ಐ' ಅಂತ ಹೆಸರಿಟ್ಟರು. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದನ್ನೇ ಬಿಲಿಯರ್ಡ್ಸ್ ಟೇಬಲ್ ಮೇಲೆ ಪರೀಕ್ಷಿಸಿತು. ಅಲ್ಲೂ ಅಷ್ಟೇ. ನುರಿತವರ ಆ ಕೊನೇ ನೋಟ ಉದ್ದ, ಹೊಡೆತ ಸರಿಹೋದ ಸಲವೂ ಉದ್ದ. ಆ ಅಧ್ಯಯನದ ಮೊದಲ ಲೇಖಕರ ಹೆಸರು ಮಾರ್ಕ್ ವಿಲಿಯಮ್ಸ್. ಮೂರು ಸಲ ವಿಶ್ವ ಸ್ನೂಕರ್ ಚಾಂಪಿಯನ್ ಆದ ಮಾರ್ಕ್ ವಿಲಿಯಮ್ಸ್ ಅಲ್ಲ, ಬೇರೆಯವರು. ನಾನು ಒಂದು ವಾರ ಇಬ್ಬರೂ ಒಬ್ಬರೇ ಅಂದುಕೊಂಡು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಎದ್ದು ನಿಲ್ಲುವ ನಾಚಿಕೆ

ಈಗ ಅಪೀಲಿನ ವಿಷಯ. ಬಗ್ಗಿದ ಮೇಲೆ ಅನುಮಾನ ಬಂದರೆ? ಗೆರೆ ತಪ್ಪಿದೆ ಅನ್ನಿಸಿದರೆ? ಅಷ್ಟರಲ್ಲಿ ಯಾರದೋ ಫೋನ್ ಹೊಡೆದುಕೊಂಡರೆ?

ಎದ್ದು ನಿಲ್ಲಿ. ಚಾಕ್ ಮತ್ತೆ ಕೈಗೆ ತಗೊಳ್ಳಿ. ಮೊದಲಿನಿಂದ ಶುರು ಮಾಡಿ.

ಹೇಳೋಕೆ ಇಷ್ಟೇ. ಇಡೀ ರುಟೀನ್‌ನಲ್ಲಿ ಕಲಿಯೋಕೆ ಅತ್ಯಂತ ಕಷ್ಟವಾದ ಭಾಗ ಇದು. ಕ್ರಿಕೆಟ್‌ನಲ್ಲಿ ಬೌಲರ್ ಓಡಿ ಬರುವಾಗ ಹೆಜ್ಜೆ ತಪ್ಪಿದರೆ ಕ್ರೀಸ್ ಹತ್ತಿರ ನಿಂತು, ತಲೆ ಆಡಿಸುತ್ತಾ ತನ್ನ ಗುರುತಿಗೆ ವಾಪಸ್ ನಡೆದು ಹೋಗ್ತಾನೆ. ಸ್ಟೇಡಿಯಂ ತುಂಬಾ ಜನ ಇದ್ದರೂ ಯಾರೂ ನಗಲ್ಲ. ಆದರೆ ಪಾರ್ಲರ್‌ನಲ್ಲಿ ಎರಡು ಸಲ ಎದ್ದು ನಿಂತು ನೋಡಿ. "ಏನ್ ಗುರೂ, ಫೈನಲ್ಸಾ?" ಅಂತ ಪಕ್ಕದ ಟೇಬಲ್‌ನಿಂದ ಬರುತ್ತೆ. ಎದುರಾಳಿ ವಾಚ್ ನೋಡ್ತಾನೆ. ಅದರ ಮೇಲೆ ಬಾಡಿಗೆ. ನಮ್ಮ ಪಾರ್ಲರ್‌ಗಳಲ್ಲಿ ಟೇಬಲ್‌ಗೆ ಗಂಟೆ ಲೆಕ್ಕದಲ್ಲಿ, ಕೆಲವು ಕಡೆ ನಿಮಿಷದ ಲೆಕ್ಕದಲ್ಲಿ ದುಡ್ಡು. ಗೋಡೆಯ ಮೇಲಿನ ಗಡಿಯಾರ ಓಡ್ತಿರುವಾಗ ಟೇಬಲ್ ಸುತ್ತು ಹಾಕಿ, ಹಿಂದೆ ನಿಂತು, ಗೆರೆ ನೋಡಿ ಅಂದರೆ ಕಾಲೇಜು ಹುಡುಗನಿಗೆ ಅದು ಐಷಾರಾಮ. ಸ್ವಂತ ಟೇಬಲ್ ಇರುವ ಕ್ಲಬ್ಬಿನ ಸದಸ್ಯನಿಗೂ, ಪಾಕೆಟ್ ಮನಿ ಎಣಿಸಿ ಬೇಸ್‌ಮೆಂಟ್‌ನ ಪಾರ್ಲರ್‌ಗೆ ಬರುವವನಿಗೂ ಆಟದಲ್ಲಿ ಕಾಣುವ ವ್ಯತ್ಯಾಸ ಪ್ರತಿಭೆಯದ್ದು ಅಂತ ನಾನು ಬಹಳ ದಿನ ನಂಬಿದ್ದೆ. ಅದರಲ್ಲಿ ಒಂದು ಪಾಲು ಆತುರದ್ದು. ಬಾಡಿಗೆ ಗಡಿಯಾರ ಕಲಿಸಿದ ಆತುರ ಅದು, ಆಮೇಲೆ ಗಡಿಯಾರ ಇಲ್ಲದ ಕಡೆಯೂ ಬಿಟ್ಟು ಹೋಗಲ್ಲ.

ಇನ್ನು ಪಾರ್ಲರ್‌ಗೆ ಅಪರೂಪಕ್ಕೆ ಬರುವ ಹುಡುಗಿಯರನ್ನು ಕೇಳಿ ನೋಡಿ. ಅವರು ಬಗ್ಗಿದ ತಕ್ಷಣ ನಾಲ್ಕು ಟೇಬಲ್‌ಗಳ ಆಟ ನಿಂತು ಎಲ್ಲರ ಕಣ್ಣೂ ಅಲ್ಲಿಗೆ ಹೋಗುತ್ತೆ. ನಮಗೆ ಕೊನೇ ಕಪ್ಪಿಗೆ ಮಾತ್ರ ಇರುವ ಒತ್ತಡ ಅವರಿಗೆ ಮೊದಲ ಕೆಂಪಿನಿಂದಲೇ ಇರುತ್ತೆ. ಇಂಥ ಕಡೆ ಆಡಿಯೇ ಮೇಲೆ ಬಂದವರ ತಾಳ್ಮೆ ಎಂಥದ್ದು ಅಂತ ಯೋಚಿಸಬೇಕು.

ದುಡ್ಡಿನ ಸಮಸ್ಯೆಗೆ ನನ್ನ ಹತ್ತಿರ ಪರಿಹಾರ ಇಲ್ಲ. ನಾಚಿಕೆಗೆ ಒಂದು ಉಪಾಯ ಇದೆ. ಅನುಮಾನ ಇಲ್ಲದಿದ್ದಾಗಲೂ, ಸುಲಭದ ಹೊಡೆತಕ್ಕೂ, ದಿನಕ್ಕೆ ಎರಡು ಮೂರು ಸಲ ಬೇಕಂತಲೇ ಎದ್ದು ನಿಲ್ಲೋದು. ಒಂದು ವಾರ ನಗ್ತಾರೆ. ಆಮೇಲೆ ಇವನು ಹೀಗೇ ಅಂತ ಬಿಟ್ಟುಬಿಡ್ತಾರೆ.

ಹಾಗಾದರೆ ನಿಧಾನವಾಗಿ ಆಡಬೇಕಾ?

ಇಲ್ಲ. ರುಟೀನ್ ಅಂದರೆ ನಿಧಾನ ಅನ್ನುವ ತಪ್ಪು ಕಲ್ಪನೆ ಬಹಳ ಜನಕ್ಕಿದೆ. 1997ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರಾನಿ ಓ'ಸಲಿವನ್ 147ರ ಪೂರ್ಣ ಬ್ರೇಕ್ ಮಾಡಿದ್ದು 5 ನಿಮಿಷ 8 ಸೆಕೆಂಡುಗಳಲ್ಲಿ. 15 ಕೆಂಪು, 15 ಕಪ್ಪು, ಕೊನೆಯ 6 ಬಣ್ಣ, ಒಟ್ಟು 36 ಹೊಡೆತ. ಅಂದರೆ ಹೊಡೆತಕ್ಕೆ ಸರಾಸರಿ ಎಂಟೂವರೆ ಸೆಕೆಂಡು. ನಡೆಯೋದು, ರೆಫರಿ ಕಪ್ಪನ್ನು ಮತ್ತೆ ಸ್ಪಾಟ್ ಮೇಲೆ ಇಡೋದು ಎಲ್ಲ ಸೇರಿ. ಆ ವಿಡಿಯೋವನ್ನು ನಿಧಾನಗತಿಯಲ್ಲಿ ನೋಡಿ. ಅವರು ಗೆರೆಯ ಮೇಲೇ ನಡೆದು ಬರ್ತಾರೆ. ನಡಿಗೆಯಲ್ಲೇ ತೀರ್ಮಾನ ಆಗಿರುತ್ತೆ, ಬಗ್ಗಿದ ಮೇಲೆ ಚರ್ಚೆ ಇಲ್ಲ.

ಇದಕ್ಕೆ ಉಲ್ಟಾ ಉದಾಹರಣೆ ಪೀಟರ್ ಎಬ್ಡನ್. 2005ರ ವಿಶ್ವ ಚಾಂಪಿಯನ್‌ಶಿಪ್ ಕ್ವಾರ್ಟರ್ ಫೈನಲ್‌ನಲ್ಲಿ ಇದೇ ಓ'ಸಲಿವನ್ ಎದುರು ಒಂದು ಸಲ ಬರೀ 12 ಪಾಯಿಂಟ್‌ಗಳ ಬ್ರೇಕ್‌ಗೆ ಐದು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡರು. ಓ'ಸಲಿವನ್‌ಗೆ 147 ಮಾಡೋಕೆ ಬೇಕಾಗಿದ್ದ ಸಮಯಕ್ಕಿಂತ ಜಾಸ್ತಿ! ನೋಡುವವರಿಗೆ ಹಿಂಸೆ. ಆದರೆ ಆ ಪಂದ್ಯವನ್ನು 13-11ರಿಂದ ಗೆದ್ದವರು ಎಬ್ಡನ್. ಸ್ನೂಕರ್ ಶೂಟ್ ಔಟ್ ಅನ್ನುವ ಟೂರ್ನಿಯಲ್ಲಂತೂ ಹತ್ತೇ ನಿಮಿಷದ ಫ್ರೇಮ್. ಮೊದಲ ಐದು ನಿಮಿಷ ಪ್ರತಿ ಹೊಡೆತಕ್ಕೆ 15 ಸೆಕೆಂಡು, ಆಮೇಲೆ 10 ಸೆಕೆಂಡು. ಅಲ್ಲೂ ಒಳ್ಳೆ ಆಟಗಾರರು ಕ್ರಮ ಬಿಡಲ್ಲ, ಕುಗ್ಗಿಸಿಕೊಳ್ತಾರೆ.

ಗಾಲ್ಫ್ ಪಟ್ಟಿಂಗ್ ಬಗ್ಗೆ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಕೆಲಸವೂ ಇಲ್ಲಿ ನೆನಪಾಗುತ್ತೆ. ಬೇಗ ಹೊಡೆಯಿರಿ ಅಂತ ಹೇಳಿದಾಗ ನುರಿತವರ ಗುರಿ ಉತ್ತಮವಾಯಿತು, ಹೊಸಬರದ್ದು ಕೆಟ್ಟಿತು. ಕೈಗೆ ಪಳಗಿದ ಕೆಲಸವನ್ನು ತಲೆ ಹಂತ ಹಂತವಾಗಿ ಉಸ್ತುವಾರಿ ಮಾಡೋಕೆ ಹೋದರೆ ಕೈ ತಡವರಿಸುತ್ತೆ. ಸೈಕಲ್ ಹೊಡೆಯುವಾಗ ನಾನು ಹೇಗೆ ಬ್ಯಾಲೆನ್ಸ್ ಮಾಡ್ತಿದ್ದೇನೆ ಅಂತ ಯೋಚಿಸಿದರೆ ಆಗುವ ಗತಿಯೇ ಇಲ್ಲೂ. ರುಟೀನ್ ತಲೆಗೆ ಬೇರೆ ಕೆಲಸ ಕೊಡುತ್ತೆ. ಮೂರು ಎಣಿಸು, ನಿಲ್ಲು, ಕೆಂಪನ್ನು ನೋಡು. ಅಷ್ಟರಲ್ಲಿ ಕೈ ತನ್ನ ಪಾಡಿಗೆ ತನ್ನ ಕೆಲಸ ಮುಗಿಸಿರುತ್ತೆ.

ಇಷ್ಟೆಲ್ಲ ಹೇಳಿ, ರುಟೀನ್ ಇದ್ದರೆ ಚೆಂಡು ಬಿದ್ದೇ ಬೀಳುತ್ತೆ ಅಂದರೆ ಅದು ಸುಳ್ಳು. ಆರು ಸಲ ವಿಶ್ವ ಚಾಂಪಿಯನ್ ಆದ ಸ್ಟೀವ್ ಡೇವಿಸ್‌ಗಿಂತ ಶಿಸ್ತಿನ ಆಟಗಾರ ಎಂಬತ್ತರ ದಶಕದಲ್ಲಿ ಇರಲಿಲ್ಲ. 1985ರ ವಿಶ್ವ ಫೈನಲ್‌ನಲ್ಲಿ ಡೆನಿಸ್ ಟೇಲರ್ ಎದುರು 8-0 ಮುಂದಿದ್ದವರು 17-17ಕ್ಕೆ ಬಂದು ನಿಂತರು. ಕೊನೆಯ ಫ್ರೇಮ್ ಒಂದೇ 68 ನಿಮಿಷ. ಬ್ರಿಟನ್ನಿನಲ್ಲಿ ಮಧ್ಯರಾತ್ರಿ ದಾಟಿದ ಮೇಲೂ 1.85 ಕೋಟಿ ಜನ ಟಿವಿ ಮುಂದೆ ಕೂತಿದ್ದರು. ಕೊನೆಗೆ ಉಳಿದಿದ್ದು ಒಂದು ಕಪ್ಪು, ಡೇವಿಸ್‌ಗೆ ತೆಳುವಾಗಿ ತಾಗಿಸಿ ಹಾಕುವ ಅವಕಾಶ. ಬೇಕಾದ್ದಕ್ಕಿಂತ ತೆಳುವಾಗಿ ತಾಗಿತು. ಟೇಲರ್ ಬಂದು ಹಾಕಿದರು. ಇಡೀ ಪಂದ್ಯದಲ್ಲಿ ಅವರು ಮೊದಲ ಸಲ ಮುಂದೆ ಬಂದದ್ದು ಆ ಕೊನೇ ಚೆಂಡಿನಲ್ಲಿ. 1994ರಲ್ಲಿ ಜಿಮ್ಮಿ ವೈಟ್ ತಮ್ಮ ಆರನೇ ಫೈನಲ್‌ನ ಕೊನೇ ಫ್ರೇಮ್‌ನಲ್ಲಿ ಸ್ಪಾಟ್ ಮೇಲಿನ ಕಪ್ಪು ತಪ್ಪಿಸಿದರು, ಸ್ಟೀಫನ್ ಹೆಂಡ್ರಿ ಗೆದ್ದರು, ವೈಟ್‌ಗೆ ಆ ಕಿರೀಟ ಸಿಗಲೇ ಇಲ್ಲ. ಆ ಹೊಡೆತವನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತೆ. ನನ್ನ ಮೂರು ಗಂಟೆ ಬಾಡಿಗೆಗೂ ಅದಕ್ಕೂ ಹೋಲಿಕೆ ಇಲ್ಲ ಬಿಡಿ.

ನಮ್ಮ ಪಂಕಜ್ ಅಡ್ವಾಣಿ ವಿಷಯ ಇಲ್ಲಿ ಬಿಡೋಕಾಗಲ್ಲ. ಬೆಂಗಳೂರಿನಲ್ಲಿ ಬೆಳೆದು, ಅರವಿಂದ್ ಸವೂರ್ ಕೈಯಲ್ಲಿ ಪಳಗಿ, 2003ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದವರು. 2024ರ ಕೊನೆಗೆ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡೂ ಸೇರಿ 28 ವಿಶ್ವ ಪ್ರಶಸ್ತಿ. ಅವರಿಗೆ ಈ ಆಟದ ರುಚಿ ಹತ್ತಿಸಿದ ಅಣ್ಣ ಶ್ರೀ ಅಡ್ವಾಣಿ ಮುಂದೆ ಕ್ರೀಡಾ ಮನಶ್ಶಾಸ್ತ್ರಜ್ಞರಾದರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಿಲಿಯರ್ಡ್ಸ್‌ನಲ್ಲಿ ಬೇಕಾಗುವ ಮೃದುವಾದ ಸ್ಪರ್ಶ ಒಂದು ಥರ, ಸ್ನೂಕರ್‌ನ ಉದ್ದ ಪಾಟ್ ಇನ್ನೊಂದು ಥರ. ಎರಡರ ನಡುವೆ ಓಡಾಡುವವರಿಗೆ ಕೈ ಗೊಂದಲವಾಗಬೇಕು. ಪಂಕಜ್ ಆಟ ನೋಡಿದರೆ ಎರಡರಲ್ಲೂ ಟೇಬಲ್‌ಗೆ ಬರುವ ನಡಿಗೆ, ಬಗ್ಗುವ ರೀತಿ ಒಂದೇ ಅನ್ನಿಸುತ್ತೆ. ಬದಲಾಗೋದು ಹೊಡೆತ ಮಾತ್ರ.

ಮನೆಯಲ್ಲಿ, ಪಾರ್ಲರ್‌ನಲ್ಲಿ

ಶುರು ಮಾಡೋದು ಹೇಗೆ? ನಾನು ಮಾಡಿದ್ದು ಹೇಳ್ತೀನಿ. ಮೊದಲು ಫೋನನ್ನು ಕಿಟಕಿಯ ಮೇಲಿಟ್ಟು ಒಂದು ಗಂಟೆಯ ಆಟ ರೆಕಾರ್ಡ್ ಮಾಡಿದೆ. ನೋಡಿದರೆ ಅದು ಒಬ್ಬ ಮನುಷ್ಯನ ಆಟದ ಹಾಗೇ ಇರಲಿಲ್ಲ. ಒಂದು ಹೊಡೆತಕ್ಕೆ ಎರಡು ಫೆದರ್, ಇನ್ನೊಂದಕ್ಕೆ ಎಂಟು. ಸುಲಭದ್ದಕ್ಕೆ ಪಕ್ಕದಿಂದ ಬಂದು ದಬಕ್ ಅಂತ ಬಗ್ಗುವುದು, ಕಷ್ಟದ್ದಕ್ಕೆ ಪೂಜೆಗೆ ನಿಂತ ಹಾಗೆ ನಿಲ್ಲುವುದು. ತಪ್ಪಿದವುಗಳಲ್ಲಿ ಹೆಚ್ಚಿನವು, ಬಗ್ಗಿದ ಮೇಲೆ ಕೈ ಸರಿಸಿದವೇ.

ಆಮೇಲೆ ಎರಡು ವಾರ ಒಂದೇ ಹೊಡೆತ. ನೀಲಿ ಅದರ ಸ್ಪಾಟ್ ಮೇಲೆ, ಬಿಳಿಯನ್ನು ನೇರವಾಗಿ ಇಟ್ಟು ಮೂಲೆಗೆ. ಚೆಂಡು ಬಿತ್ತೋ ಇಲ್ಲವೋ ಬರೆದುಕೊಳ್ಳಲಿಲ್ಲ. ಹಿಂದೆ ನಿಂತೆನಾ, ಪಾದ ಮೊದಲು ಬಂತಾ, ಮೂರೇ ಫೆದರ್ ಆಯಿತಾ, ತಲೆ ಎತ್ತಿದೆನಾ, ಇಷ್ಟಕ್ಕೆ ಮಾತ್ರ ಗುರುತು. ಬಿದ್ದರೂ ಕ್ರಮ ತಪ್ಪಿದ್ದರೆ ಅದು ಸೊನ್ನೆ. ಇದು ಬೋರು, ಸುಳ್ಳು ಹೇಳಲ್ಲ. ಮೊದಲ ವಾರ ಆಟ ಮೊದಲಿಗಿಂತ ಕೆಟ್ಟಿತು. ಕ್ರಮ ನೆನಪಿಟ್ಟುಕೊಳ್ಳೋದೇ ಒಂದು ಕೆಲಸವಾಗಿ ಚೆಂಡು ಕಾಣಲೇ ಇಲ್ಲ. ಬಿಟ್ಟುಬಿಡೋಣ ಅನ್ನಿಸಿದ್ದು ಆಗಲೇ. ಸುಮಾರು ಮೂರನೇ ವಾರಕ್ಕೆ ಎಣಿಸೋದು ತಾನಾಗೇ ಆಗತೊಡಗಿತು. ಟೇಬಲ್ ಸಿಗದ ದಿನ ಊಟದ ಟೇಬಲ್ ಮೇಲೆ ಖಾಲಿ ಬಾಟಲಿ ಮಲಗಿಸಿ, ಕ್ಯೂ ಅದರ ಬಾಯೊಳಗೆ ತಾಗದ ಹಾಗೆ ಹೋಗಿ ಬರುವಂತೆ ಆಡಿಸಿದೆ. ತಾಗಿದರೆ ಸದ್ದಾಗುತ್ತೆ. ಅಮ್ಮನಿಗೆ ಈ ಆಟದ ಬಗ್ಗೆ ಮೊದಲೇ ಒಳ್ಳೆ ಅಭಿಪ್ರಾಯ ಇಲ್ಲ, ಇದಾದ ಮೇಲೆ ನನ್ನ ಬಗ್ಗೆಯೂ ಇಲ್ಲ.

ಪಂದ್ಯದಲ್ಲಿ ಒತ್ತಡ ಬಂದಾಗ ಹೃದಯ ಬಡಿತ ಏನೂ ಕಮ್ಮಿ ಆಗಲಿಲ್ಲ. ಕೈ ಈಗಲೂ ಒಂಚೂರು ನಡುಗುತ್ತೆ. ಆದರೆ ತಪ್ಪಿದಾಗ ಯಾಕೆ ತಪ್ಪಿತು ಅಂತ ಈಗ ಗೊತ್ತಾಗುತ್ತೆ. ಮೊದಲು ತಪ್ಪಿದಾಗ ಟಿಪ್ ಸರಿ ಇಲ್ಲ, ಟೇಬಲ್ ವಾಲಿದೆ, ಲೈಟ್ ಕಣ್ಣಿಗೆ ಹೊಡೀತಿದೆ ಅಂತಿದ್ದೆ.

ಹೋದ ತಿಂಗಳು ಮತ್ತೆ ಅದೇ ಸನ್ನಿವೇಶ ಬಂತು. ಅದೇ ಗೆಳೆಯ, ಕೊನೇ ಕಪ್ಪು, ಈ ಸಲ ನಾನು ನಾಲ್ಕು ಪಾಯಿಂಟ್ ಹಿಂದೆ. ಬಿಳಿ, ಕಪ್ಪು, ಪಾಕೆಟ್ ಮೂರೂ ದಾರ ಹಿಡಿದ ಹಾಗೆ ನೇರ. ಹಿಂದೆ ಹೋಗಿ ನಿಂತೆ. ಚಾಕ್ ಹಚ್ಚಿದೆ, ಕೆಳಗಿಟ್ಟೆ. ಬಲಗಾಲು ಗೆರೆಯ ಮೇಲೆ. ಬಗ್ಗಿದೆ. ಕಪ್ಪಿನ ನಡುವಿನಿಂದ ಕೂದಲೆಳೆಯಷ್ಟು ಪಕ್ಕಕ್ಕೆ ನೋಡ್ತಿದ್ದೇನೆ ಅನ್ನಿಸಿತು. ಎದ್ದೆ. ಗೆಳೆಯ "ಅಯ್ಯೋ, ಹೊಡಿಯಪ್ಪಾ" ಅಂದ. ಮತ್ತೆ ಚಾಕ್, ಮತ್ತೆ ಪಾದ, ಮತ್ತೆ ಬಗ್ಗಿದೆ. ಒಂದು, ಎರಡು, ಮೂರು. ನಿಂತೆ. ಕಪ್ಪು ನೋಡಿದೆ. ಮೆತ್ತಗೆ ಹೊಡೆದೆ.

ಕಪ್ಪು ಪಾಕೆಟ್‌ನ ನಟ್ಟನಡುವೆ ಹೋಗಿ ಬಿತ್ತು. ದವಡೆಗೆ ಸೋಕಲೂ ಇಲ್ಲ. ನಾನಿನ್ನೂ ತಲೆ ಎತ್ತಿರಲಿಲ್ಲ. ಅದರ ಹಿಂದೆಯೇ, ಅದೇ ದಾರಿಯಲ್ಲಿ, ಏನೂ ಅವಸರವಿಲ್ಲದೆ ಉರುಳಿಕೊಂಡು ಬಿಳಿಯೂ ಹೋಗಿ ಬಿತ್ತು. ಫೌಲ್. ಗೆಳೆಯನಿಗೆ ಏಳು ಪಾಯಿಂಟ್.

ಮಾರ್ಕರ್ ಬಂದು ಎರಡೂ ಚೆಂಡನ್ನು ಪಾಕೆಟ್‌ನಿಂದ ತೆಗೆದರು. ಬಿಳಿಯನ್ನು ಬಟ್ಟೆಯಲ್ಲಿ ಒರೆಸುತ್ತಾ ಕೇಳಿದರು: "ನಿಂತಾಗ ಇದೆಲ್ಲಿಗೆ ಹೋಗುತ್ತೆ ಅಂತ ನೋಡ್ಕೊಂಡ್ರಾ ಸಾರ್?"

ಪರ್ಸ್ ತೆಗೆದೆ.